ಆಮ್ಲದ ಅಪ್ಪ

ನಮ್ಮ ಮನೆಯಲ್ಲಿ ಯಾರು ಯಾವ ತಟ್ಟೆಯಲ್ಲಿ ಉಣ್ಣಬೇಕು ಎಂಬುದನ್ನು ದಿನಾ ಸಂಜೆ ಅಣ್ಣ ತೀರ್ಮಾನಿಸುತ್ತಿದ್ದರು. ಅಣ್ಣ ಎಂದರೆ ನಮ್ಮಪ್ಪ. ಹಳೇ ಮೈಸೂರು ಕಡೆಯ ಎಷ್ಟೋ ಮನೆಗಳ ಹಾಗೆ ನಮ್ಮಲ್ಲೂ ಅಪ್ಪನನ್ನು ಅಣ್ಣ ಎಂದೇ ಕರೆಯುವುದು. ಅವರು ಕಾಲೇಜಿನಲ್ಲಿ ಕೆಮಿಸ್ಟ್ರಿ ಮೇಷ್ಟ್ರು. ಚಾಮರಾಜಪೇಟೆಯ ನಮ್ಮ ಮನೆ ರೈಲು ಡಬ್ಬಿಗಳ ಹಾಗೆ ಒಂದರ ಹಿಂದೆ ಒಂದು ಕೋಣೆಯಾಗಿ ಹಿತ್ತಿಲಿನ ಒಗೆಯುವ ಕಲ್ಲಿನವರೆಗೆ ಹೋಗುತ್ತಿತ್ತು. ಅದರಲ್ಲಿ ಎಲ್ಲಕ್ಕಿಂತ ಕತ್ತಲಾದ ನಡುಮನೆಯಲ್ಲಿ ನಾವು ಉಣ್ಣುತ್ತಿದ್ದದ್ದು. ಬೇರೆಯವರ ಮನೆಯಲ್ಲಿ ದೇವರ ಪಟ ಇರುವ ಕಡೆ ನಮ್ಮಲ್ಲಿ ಮೂಲವಸ್ತುಗಳ ದೊಡ್ಡ ಚಾರ್ಟು ತೂಗುತ್ತಿತ್ತು. ಅವೆನ್ಯೂ ರಸ್ತೆಯಿಂದ ಅಣ್ಣ ಸುರುಳಿ ಸುತ್ತಿಸಿಕೊಂಡು ಬಸ್ಸಿನಲ್ಲಿ ಹಿಡಿದು ತಂದದ್ದು. ಮಣೆ ಹಾಕಿ ಕೂತ ಮೇಲೆ, ಅನ್ನ ಬಡಿಸುವ ಮೊದಲು, ಪ್ರಶ್ನೆ. ಬೇಗ, ಸರಿಯಾಗಿ ಉತ್ತರ ಹೇಳಿದವರಿಗೆ ಬೆಳ್ಳಿ ತಟ್ಟೆ. ತಡವರಿಸಿದವರಿಗೆ ಸ್ಟೀಲು. ತಪ್ಪು ಹೇಳಿದವರಿಗೆ, ಬಾಯಿಯೇ ಬಿಡದವರಿಗೆ, ಹಿತ್ತಿಲ ಗೂಡಿನಲ್ಲಿ ಕವುಚಿಟ್ಟಿರುತ್ತಿದ್ದ ಅಲ್ಯೂಮಿನಿಯಂ ತಟ್ಟೆ. ಅದು ಕೆಲಸದ ಮುನಿಯಮ್ಮನ ತಟ್ಟೆ.

ಉತ್ತರ ಹೇಳಬೇಕಾದವರು ಇಬ್ಬರೇ, ಅಕ್ಕ ವಸುಧಾ ಮತ್ತು ನಾನು. ಹಾಗಾಗಿ ಬೆಳ್ಳಿ ಯಾರಿಗೆ, ಅಲ್ಯೂಮಿನಿಯಂ ಯಾರಿಗೆ ಎಂದು ಊಹಿಸಲು ಯಾವ ಶಾಸ್ತ್ರವೂ ಬೇಕಿರಲಿಲ್ಲ. ವರ್ಷದಲ್ಲಿ ಮುನ್ನೂರು ದಿನ ನಾನು ಬೆಳ್ಳಿಯಲ್ಲಿ ಉಂಡೆ. ಆ ಬೆಳ್ಳಿ ತಟ್ಟೆ ಅಮ್ಮನ ತವರಿನಿಂದ ಬಂದದ್ದು. ಅದನ್ನು ಹೊರತೆಗೆದಾಗಲೆಲ್ಲ ಅಣ್ಣ ಒಂದು ಮಾತು ಹೇಳುತ್ತಿದ್ದರು.

"ತವರಿಂದ ಬಂದಿದ್ದಲ್ವಾ, ತವರ ಇರ್ಬೇಕು ಅಂದ್ಕೊಂಡಿದ್ದೆ. ಉಜ್ಜಿ ನೋಡಿದ್ರೆ ಬೆಳ್ಳಿನೇ. ನಿಮ್ಮಪ್ಪ ಪರವಾಗಿಲ್ಲ ಕಣೆ."

ಅಮ್ಮ ಪ್ರತಿ ಸಲವೂ ಸಣ್ಣಗೆ ನಗುತ್ತಿದ್ದಳು. ತವರು ಎಂದರೆ ಹುಟ್ಟಿದ ಮನೆ, ತವರ ಎಂದರೆ ಪಾತ್ರೆಗೆ ಕಲಾಯಿ ಹಾಕುವ ಅಗ್ಗದ ಲೋಹ. ಒಂದು ಕೊಂಬಿನ ವ್ಯತ್ಯಾಸದಲ್ಲಿ ಅವಳ ಹುಟ್ಟಿದ ಮನೆಯನ್ನು ಇಪ್ಪತ್ತು ವರ್ಷ ಆಡಿಕೊಂಡರು. ಕಾಲೇಜಿನಲ್ಲಿ ಅಣ್ಣ ದೇವರು. ಬಡ ಹುಡುಗರಿಗೆ ಪುಕ್ಕಟೆ ಪಾಠ, ಜ್ವರ ಬಂದ ಜವಾನನಿಗೆ ತಾವೇ ಹೋಗಿ ಮಾತ್ರೆ ಕೊಟ್ಟು ಬರುವುದು. ಮನೆಗೆ ಮಾರಿ, ಊರಿಗೆ ಉಪಕಾರಿ ಎನ್ನುವ ಗಾದೆ ಮಾಡಿದವನು ನಮ್ಮ ಪಕ್ಕದ ಮನೆಯಲ್ಲೇ ಬಾಡಿಗೆಗೆ ಇದ್ದಿರಬೇಕು.

ಲೋಹಗಳಿಗೆ ಜಾತಿ ಕಟ್ಟುವುದನ್ನು ಅಣ್ಣ ಹೊಸದಾಗಿ ಶುರು ಮಾಡಿದ್ದೇನೂ ಅಲ್ಲ. ನಾನು ಹುಟ್ಟುವ ಮೊದಲೇ ತೀರಿಕೊಂಡ ಅವರ ತಾಯಿಯ ಕಾಯಿದೆಗಳು ಮನೆಯಲ್ಲಿ ಹಾಗೇ ಉಳಿದಿದ್ದವು. ಸೊಂಟದ ಕೆಳಗೆ ಚಿನ್ನ ಹಾಕಕೂಡದು, ಅದು ಲಕ್ಷ್ಮಿ. ದೇವರಿಗೆ ತಾಮ್ರದ ತಂಬಿಗೆ, ಆದರೆ ಅದರಲ್ಲಿ ಮಜ್ಜಿಗೆ ಹಾಕಿದರೆ ಕಿಲುಬು. ಬಾಣಂತಿಯ ಹಾಸಿಗೆ ಕೆಳಗೆ ಕಬ್ಬಿಣದ ತುಂಡು, ಗಾಳಿ ಸೋಕದಿರಲಿ ಎಂದು. ದೇವರ ಮನೆಯೊಳಗೆ ಮಾತ್ರ ಅದೇ ಕಬ್ಬಿಣ ಬರುವಂತಿಲ್ಲ. ಅಲ್ಯೂಮಿನಿಯಂಗೆ ಅಜ್ಜಿಯ ಕಾಯಿದೆಯಲ್ಲಿ ಜಾಗವೇ ಇರಲಿಲ್ಲ, ಹಾಗಾಗಿ ಅದು ಹೊಸಿಲು ದಾಟಲಿಲ್ಲ. ಅಣ್ಣ ಇದನ್ನೆಲ್ಲ ಮೂಢನಂಬಿಕೆ ಎಂದು ಗೇಲಿ ಮಾಡುತ್ತಲೇ ಅದರ ಮೇಲೆ ತಮ್ಮ ಚಾರ್ಟನ್ನು ಹೊಂದಿಸಿದರು. ಮನೆಯ ಒಬ್ಬೊಬ್ಬರಿಗೂ ಒಂದೊಂದು ಮೂಲವಸ್ತುವಿನ ಹೆಸರು ಕೊಟ್ಟರು. ತಾವು ಆಮ್ಲಜನಕ, ತಾವಿಲ್ಲದೆ ಈ ಮನೆಯ ಒಲೆ ಹತ್ತುವುದಿಲ್ಲವಂತೆ. ಅಮ್ಮ ಸಾರಜನಕ, ಗಾಳಿಯಲ್ಲಿ ಐದರಲ್ಲಿ ನಾಲ್ಕು ಪಾಲು ಅದೇ ಇದ್ದರೂ ಇದೆ ಅಂತ ಯಾರಿಗೂ ಗೊತ್ತಾಗುವುದಿಲ್ಲ. ನಾನು ಪಾದರಸ, ಚುರುಕು. ಅಕ್ಕ ಜಡಾನಿಲ, ಯಾವುದರ ಜೊತೆಗೂ ಸೇರದ, ಏನು ಮಾಡಿದರೂ ಮಿಸುಕದ ಗಾಳಿ. ಆಮೇಲಾಮೇಲೆ ಅನಿಲ ಬಿಟ್ಟುಹೋಗಿ ಬರೀ ಜಡ ಉಳಿಯಿತು. "ಜಡಾ, ನೀರು ತಾ" ಎನ್ನುವುದು ನಮ್ಮ ಮನೆಯಲ್ಲಿ "ವಸೂ, ನೀರು ತಾ" ಎನ್ನುವಷ್ಟೇ ಸಹಜವಾಗಿತ್ತು. ನನ್ನ ಇಂಗ್ಲಿಷ್ ಪುಸ್ತಕದಲ್ಲಿ ಅದೇ ಅನಿಲಗಳಿಗೆ ನೋಬಲ್ ಎಂದು, ಅಂದರೆ ದೊಡ್ಡ ಮನೆತನದವು ಎಂದು ಹೆಸರಿತ್ತು. ಅದನ್ನು ನಾನು ಅಕ್ಕನಿಗೆ ಹೇಳಲಿಲ್ಲ.

ಅಕ್ಕ ದಡ್ಡಿಯಾಗಿರಲಿಲ್ಲ. ಏನು ಕೇಳಿದರೂ ಒಂದು ಗುಟುಕು ನೀರು ಕುಡಿಯುವಷ್ಟು ಹೊತ್ತು ಯೋಚಿಸಿ ಮಾತಾಡುತ್ತಿದ್ದಳು, ಅಷ್ಟೇ. ಆ ಒಂದು ಗುಟುಕು ಮುಗಿಯುವುದರೊಳಗೆ ನಾನು ಉತ್ತರ ಕೂಗಿ ಆಗಿರುತ್ತಿತ್ತು. ತಡವಾಗಿ ಮಾತು ಕಲಿತಳೆಂದು ಅವಳನ್ನು ಹತ್ತಿರದ ಕನ್ನಡ ಶಾಲೆಗೆ ಹಾಕಿದರು. ನನ್ನನ್ನು ಇಂಗ್ಲಿಷ್ ಶಾಲೆಗೆ, ರಿಕ್ಷಾದಲ್ಲಿ. ನಾನು ಹೇಳುತ್ತಿರುವ ವರ್ಷ ಅವಳು ಎಸ್ಸೆಸ್ಸೆಲ್ಸಿ, ನಾನು ಎಂಟನೇ ಕ್ಲಾಸು. ಬೀದಿಗೆ ಆಗಷ್ಟೇ ಕೇಬಲ್ ಟಿವಿ ಬಂದಿತ್ತು, ನಮ್ಮ ಮನೆಗೆ ಬಂದಿರಲಿಲ್ಲ. ಶಾಲೆಯ ಲ್ಯಾಬಿನಲ್ಲಿ ಮೆಗ್ನೀಸಿಯಂ ಪಟ್ಟಿ ಉರಿಸಿ ತೋರಿಸಿದ ದಿನ ಅಕ್ಕ ಮಹಡಿಯಲ್ಲಿ ಬಟ್ಟೆ ತೆಗೆಯುತ್ತಾ ನನಗೆ ಹೇಳಿದಳು.

"ಬರೀ ಲೋಹ ಕಣೆ. ನೋಡಕ್ಕೆ ರಿಬ್ಬನ್ ಥರ ಇತ್ತು. ಒಳಗೆ ಅಷ್ಟು ಬೆಳಕು ಎಲ್ಲಿಟ್ಕೊಂಡಿತ್ತೋ. ನಾನು ಪಿಯುಸಿಗೆ ಸೈನ್ಸೇ ತಗೋತೀನಿ. ಬಿಳಿ ಕೋಟು ಹಾಕ್ಕೊಂಡು ಲ್ಯಾಬಲ್ಲಿ ಕೆಲಸ ಮಾಡ್ತೀನಿ."

"ಅಣ್ಣ ಬಿಡಲ್ಲ."

"ನೀನು ಒಂದು ಮಾತು ಹೇಳು. ನಿನ್ನ ಮಾತು ಕೇಳ್ತಾರೆ."

ಹೇಳುತ್ತೇನೆ ಎಂದೆ. ಹೇಳಲಿಲ್ಲ. ಮನೆಯಲ್ಲಿ ಎರಡು ಬೆಳ್ಳಿ ತಟ್ಟೆ ಇರಲಿಲ್ಲ.

ಆ ವಾರ ಅಣ್ಣನ ಊಟದ ಪಾಠ ತಮ್ಮದೇ ಹೆಸರಿನ ಮೇಲೆ ನಡೆದಿತ್ತು. ಕಾಲೇಜಿನಲ್ಲಿ ಇಂಗ್ಲಿಷಿನಲ್ಲಿ ಪಾಠ ಮಾಡುವವರಿಗೆ ಆಕ್ಸಿಜನ್ ಎನ್ನುವುದು ಬರೀ ಒಂದು ಶಬ್ದ. ಅಕ್ಕನ ಕನ್ನಡ ಪುಸ್ತಕದಲ್ಲಿ ಮಾತ್ರ ಹೆಸರಿನೊಳಗೇ ಅರ್ಥ ಕೂತಿತ್ತು. ಅಣ್ಣ ಚಾರ್ಟಿನ ಎಂಟನೇ ಮನೆಯನ್ನು ಎಡಗೈ ಬೆರಳಿನಿಂದ ತೋರಿಸುತ್ತಾ, "ಆಮ್ಲಜನಕ. ಜನಕ ಅಂದ್ರೆ ತಂದೆ. ಆಮ್ಲಗಳಿಗೆಲ್ಲ ಅಪ್ಪ. ಅದಕ್ಕೇ ಹೇಳೋದು, ಅಪ್ಪನಿಗೆ ಮರ್ಯಾದೆ ಕೊಡಿ ಅಂತ" ಎಂದರು. ಅಮ್ಮ ಹುಳಿ ಬಡಿಸುತ್ತಿದ್ದಳು. ಅವತ್ತು ಅಕ್ಕನಿಗೆ ಸ್ಟೀಲು ತಟ್ಟೆ ಸಿಕ್ಕಿತ್ತು, ಮುಖದಲ್ಲಿ ಸ್ವಲ್ಪ ಧೈರ್ಯವಿತ್ತು. ಅವಳು ಒಂದು ಗುಟುಕು ನೀರು ಕುಡಿದು ಕೇಳಿದಳು.

"ಅಣ್ಣ, ಬಚ್ಚಲಿಗೆ ಹಾಕ್ತೀವಲ್ಲ ಆಸಿಡ್ಡು, ಅದರಲ್ಲಿ ಇರೋದು ಜಲಜನಕ ಮತ್ತೆ ಕ್ಲೋರೀನ್ ಎರಡೇ ಅಲ್ವಾ? ಅದರೊಳಗೆ ಆಮ್ಲಜನಕ ಇಲ್ವೇ ಇಲ್ಲ. ಮತ್ತೆ ಅಪ್ಪನೇ ಇಲ್ದೆ ಮಗು ಹೇಗೆ ಹುಟ್ಟಿತು?"

ಅಮ್ಮನ ಕೈಯಲ್ಲಿ ಸೌಟು ನಿಂತಿತು. ಅಕ್ಕನ ಮುಖ ನೋಡಿದರೆ ಆ ಮಾತಿಗೆ ಇನ್ನೊಂದು ಅರ್ಥವಿದೆ ಎಂಬುದೇ ಅವಳಿಗೆ ತೋಚಿರಲಿಲ್ಲ. ಅವಳು ಚಾರ್ಟು ನೋಡಿಕೊಂಡು ಕೇಳಿದ್ದು. ಅವಳು ಕೇಳಿದ್ದು ಎಂಥ ಪ್ರಶ್ನೆ ಎಂಬುದು ಆ ಕೋಣೆಯಲ್ಲಿ ಇಬ್ಬರಿಗೆ ಗೊತ್ತಿತ್ತು, ಅಣ್ಣನಿಗೆ ಮತ್ತು ನನಗೆ. ಅಣ್ಣನ ಕಪಾಟಿನಲ್ಲಿ ರಸಾಯನಶಾಸ್ತ್ರದ ಚರಿತ್ರೆಯ ಒಂದು ಹಳೇ ಇಂಗ್ಲಿಷ್ ಪುಸ್ತಕವಿತ್ತು. ಊಟಕ್ಕೆ ಮೊದಲು ನಾನು ಅದನ್ನು ಕದ್ದು ಓದಿ ಬರುತ್ತಿದ್ದೆ. ನನ್ನ ಚುರುಕುತನದ ಗುಟ್ಟು ಇಷ್ಟೇ. ಮೂರು ದಿನದ ಕೆಳಗೆ ಅದೇ ಪುಟ ಓದಿದ್ದೆ. ಹೆಸರಿಟ್ಟ ಫ್ರೆಂಚ್ ವಿಜ್ಞಾನಿ ಪ್ರತಿ ಆಮ್ಲದಲ್ಲೂ ಈ ಗಾಳಿ ಇದ್ದೇ ಇರುತ್ತದೆ ಎಂದು ನಂಬಿ ಹಾಗೆ ಹೆಸರಿಟ್ಟ. ಆಮೇಲೆ ಇಂಗ್ಲೆಂಡಿನವನೊಬ್ಬ ಇದೇ ಬಚ್ಚಲ ಆಸಿಡ್ಡನ್ನು ಪರೀಕ್ಷಿಸಿ ಅದರಲ್ಲಿ ಅದು ಇಲ್ಲವೆಂದು ತೋರಿಸಿದ. ಆಮ್ಲಕ್ಕೆ ಹುಳಿ ಕೊಡುವುದು ಜಲಜನಕವೆಂದು ಕೊನೆಗೆ ಗೊತ್ತಾಯಿತು. ಅಷ್ಟರಲ್ಲಿ ಹೆಸರು ಊರೆಲ್ಲ ಹಬ್ಬಿತ್ತು, ಹಾಗೇ ಬಿಟ್ಟರು. ನಮ್ಮ ಪಂಡಿತರು ಆ ತಪ್ಪನ್ನು ಅಚ್ಚುಕಟ್ಟಾಗಿ ಕನ್ನಡಕ್ಕೂ ತಂದರು. ದೊಡ್ಡ ದೊಡ್ಡವರು ವರ್ಷಗಟ್ಟಲೆ ಜಗಳವಾಡಿ ಬಗೆಹರಿಸಿದ್ದನ್ನು ನಮ್ಮ ಜಡ ಹುಳಿಯನ್ನ ಕಲಸುತ್ತಾ ಕೇಳಿದ್ದಳು.

ಅಣ್ಣ ಅದನ್ನು ಒಪ್ಪಿಕೊಂಡಿದ್ದರೆ ಅವರದೇನೂ ಹೋಗುತ್ತಿರಲಿಲ್ಲ. ಆದರೆ ಆಮ್ಲಗಳಿಗೆಲ್ಲ ಅಪ್ಪ ಎಂದು ಹೇಳಿ ಇನ್ನೂ ಕೈ ತೊಳೆದಿರಲಿಲ್ಲ.

"ಅಪ್ಪ ಇಲ್ದೆ ಮಗು ಹುಟ್ಟೋ ಮಾತು ಆಡ್ತೀಯಾ ನನ್ನೆದುರಿಗೆ? ಊಟದ ಮನೇಲಿ? ಆ ಬೀದಿ ಶಾಲೇಲಿ ಇದೇ ಕಲಿಸೋದಾ?"

"ನಾನು ಹಾಗಲ್ಲ ಅಣ್ಣ, ಹೆಸರಿಂದ..."

"ಪಾದರಸಾ, ನೀನು ಹೇಳು. ಇವಳು ಕೇಳಿದ್ರಲ್ಲಿ ಏನಾದ್ರೂ ಅರ್ಥ ಇದೆಯೇನೆ?"

ಅಕ್ಕ ನನ್ನ ಕಡೆ ತಿರುಗಿದಳು. ಬೆಳ್ಳಿ ತಟ್ಟೆಯಲ್ಲಿ ನನ್ನ ಅನ್ನ ಆರುತ್ತಿತ್ತು.

"ಇಲ್ಲ ಅಣ್ಣ" ಎಂದೆ.

ಒಂದು ವಾರ ಅಲ್ಯೂಮಿನಿಯಂ ಎಂದು ತೀರ್ಪಾಯಿತು, ಹಗಲೂ ರಾತ್ರಿಯೂ. ಮುನಿಯಮ್ಮ ಕಾಟನ್‌ಪೇಟೆಯ ಆಚೆಯಿಂದ ನಡೆದು ಬಂದು ಪಾತ್ರೆ, ಬಟ್ಟೆ ಮುಗಿಸಿ, ಮಧ್ಯಾಹ್ನ ಹಿತ್ತಿಲ ಕಲ್ಲಿನ ಮೇಲೆ ಕೂತು ಉಂಡು, ತಟ್ಟೆ ತಾನೇ ತೊಳೆದು ಗೂಡಿನಲ್ಲಿ ಕವುಚಿ ಹೋಗುತ್ತಿದ್ದಳು. ಸಂಜೆ ಆ ತಟ್ಟೆಗೆ ನಾವು ಏನು ಕೆಲಸ ಕೊಡುತ್ತಿದ್ದೆವು ಎಂಬುದು ಅವಳಿಗೆ ಅಷ್ಟು ದಿನ ಗೊತ್ತಿರಲಿಲ್ಲ. ಆ ಭಾನುವಾರ ಊಟ ತಡವಾಗಿ, ಅವಳು ಹಿತ್ತಿಲ ಬಾಗಿಲಿಂದ ಇಣುಕಿದಾಗ ಅಕ್ಕನ ಮುಂದೆ ತನ್ನ ತಟ್ಟೆ ಕಂಡಿತು.

"ಅಮ್ಮಾವ್ರೇ, ಅದು ನನ್ ಸಿಲ್ವರ್ ತಟ್ಟೆ ಅಲ್ವಾ? ವಸಮ್ಮ ಯಾಕೆ ಅದ್ರಲ್ಲಿ ಉಣ್ತಾವ್ರೆ?"

ನಮ್ಮ ಕಡೆ ಅಲ್ಯೂಮಿನಿಯಂ ಪಾತ್ರೆಗೆ ಬಡವರು ಸಿಲ್ವರ್ ಎನ್ನುತ್ತಾರೆ. ಅಣ್ಣನಿಗೆ ಇದಕ್ಕಿಂತ ರುಚಿಯಾದ ಉಪ್ಪಿನಕಾಯಿ ಬೇಕಿರಲಿಲ್ಲ.

"ಸಿಲ್ವರ್ ಅಂದ್ರೆ ಬೆಳ್ಳಿ ಕಣೇ ಮುನಿಯಮ್ಮ. ಅದೋ, ಚಿಕ್ಕೋಳ ಮುಂದೆ ಇದೆಯಲ್ಲ, ಅದು ಸಿಲ್ವರ್. ಬೆಳ್ಳಗಿರೋದೆಲ್ಲ ಹಾಲಲ್ಲ. ಇವಳು ತಲೆಹರಟೆ ಮಾತಾಡಿದ್ಲು, ಅದಕ್ಕೆ ಒಂದು ವಾರ ನಿನ್ನ ತಟ್ಟೆ. ಶಿಕ್ಷೆ."

ಮುನಿಯಮ್ಮ ಸೆರಗಿನಿಂದ ಕೈ ಒರೆಸಿಕೊಂಡಳು. ದನಿ ಏರಿಸಲಿಲ್ಲ.

"ಆಯಮ್ಮ ಒಂದು ವಾರ ಉಂಡ್ರೆ ಶಿಕ್ಷೆ ಅಂತೀರಲ್ಲ ಸ್ವಾಮಿ, ನಾನು ಹನ್ನೊಂದು ವರ್ಷದಿಂದ ಉಣ್ತಾ ಇದೀನಿ. ನಂದೇನು ತಪ್ಪಿತ್ತು ಅಂತ ಹೇಳಿ."

ಅಣ್ಣ ನಕ್ಕರು. ಕ್ಲಾಸಿನಲ್ಲಿ ಹೇಳುವ ಕಥೆಯನ್ನು ಅವಳಿಗೆ ಹೇಳಿದರು: ಒಂದು ಕಾಲಕ್ಕೆ ಅಲ್ಯೂಮಿನಿಯಂ ಮಣ್ಣಿನಿಂದ ಬಿಡಿಸುವುದೇ ಕಷ್ಟವಾಗಿತ್ತಂತೆ, ಚಿನ್ನಕ್ಕಿಂತ ದುಬಾರಿಯಂತೆ, ಫ್ರಾನ್ಸಿನ ಚಕ್ರವರ್ತಿ ಬೇಕಾದ ಅತಿಥಿಗಳಿಗೆ ಅಲ್ಯೂಮಿನಿಯಂ ಚಮಚ ಕೊಟ್ಟು ಉಳಿದವರಿಗೆ ಚಿನ್ನದ್ದು ಕೊಡುತ್ತಿದ್ದನಂತೆ. "ನೀನು ಚಕ್ರವರ್ತಿ ತಟ್ಟೇಲಿ ಉಣ್ತಿದೀಯಾ, ಇನ್ನೇನು ಬೇಕು ನಿಂಗೆ?" ಎಂದರು. ನಾನು ನಕ್ಕೆ. ಮುನಿಯಮ್ಮ ಅಲ್ಲೇ ನಿಂತು ಅಕ್ಕ ಉಂಡು ಮುಗಿಸುವವರೆಗೆ ಕಾದಳು. ಎಂಜಲು ತಟ್ಟೆಯನ್ನು ಅಕ್ಕನ ಕೈಯಿಂದ ತಗೊಂಡು, ತೊಳೆದು, ಸೆರಗಿನಲ್ಲಿ ಒರೆಸಿ, ಕಂಕುಳಲ್ಲಿ ಇಟ್ಟುಕೊಂಡು ಹೋದಳು. ಮತ್ತೆ ಬರಲಿಲ್ಲ. ಪಾತ್ರೆ ಅಮ್ಮನ ಪಾಲಿಗೆ ಬಂತು. ವಾರದ ಶಿಕ್ಷೆ ಇನ್ನೂ ಮೂರು ದಿನ ಬಾಕಿ ಇತ್ತಾದ್ದರಿಂದ ಅಣ್ಣ ಮಾಮೂಲ್‌ಪೇಟೆಯಿಂದ ಹೊಸ ಅಲ್ಯೂಮಿನಿಯಂ ತಟ್ಟೆ ತರಿಸಿದರು. ತರಲು ಹೋದದ್ದು ಅಮ್ಮ ಮತ್ತು ಅಕ್ಕ. ಅಕ್ಕ ನಾಲ್ಕೈದು ತಟ್ಟೆಗಳನ್ನು ಬೆರಳಿನಿಂದ ಬಡಿದು, ಸದ್ದು ಕೇಳಿ, ನೆಗ್ಗಿಲ್ಲದ್ದನ್ನು ಆರಿಸಿದಳೆಂದು ಅಮ್ಮ ಎಷ್ಟೋ ವರ್ಷಗಳ ಮೇಲೆ ನನಗೆ ಹೇಳಿದಳು. ಹೇಳುವಾಗ ಅಮ್ಮ ಅತ್ತಳು. ಅಳುವುದಿದ್ದರೆ ಆಗ ಅಳಬೇಕಿತ್ತು ಎಂದು ನಾನು ಅವಳಿಗೆ ಹೇಳಿದೆ. ನಾನೇನು ಕಡಿಮೆಯವಳಲ್ಲ, ಅಣ್ಣನ ಮಗಳು.

ಅಕ್ಕನಿಗೆ ಎಸ್ಸೆಸ್ಸೆಲ್ಸಿಯಲ್ಲಿ ಫಸ್ಟ್ ಕ್ಲಾಸ್ ಬಂತು, ವಿಜ್ಞಾನದಲ್ಲೇ ಎಲ್ಲಕ್ಕಿಂತ ಜಾಸ್ತಿ. ಫಲಿತಾಂಶ ಬಂದ ಭಾನುವಾರ ಬೆಳಿಗ್ಗೆ ನರಹರಿ ಮೇಷ್ಟ್ರು ಮನೆಗೆ ಬಂದರು. ಅವರು ಅಣ್ಣನ ಹಳೆಯ ಸ್ನೇಹಿತರು, ಬಸವನಗುಡಿ ಕಡೆಯ ಒಂದು ಹೆಣ್ಣುಮಕ್ಕಳ ಕಾಲೇಜಿನ ಪ್ರಿನ್ಸಿಪಾಲರು. ಸೈನ್ಸಿಗೆ ಯಾರನ್ನು ತೆಗೆದುಕೊಳ್ಳಬೇಕೆನ್ನುವುದು ಅವರ ಕೈಲಿತ್ತು. ಅದಕ್ಕೇ ಅಮ್ಮ ಅಣ್ಣನಿಗೆ ಗೊತ್ತಿಲ್ಲದ ಹಾಗೆ ಮೇಷ್ಟ್ರ ಹೆಂಡತಿಯ ಮೂಲಕ ಹೇಳಿಕಳಿಸಿದ್ದಳು. ಅಮ್ಮ ಅಕ್ಕನಿಗಾಗಿ ಮಾಡಿದ್ದು ಅದೊಂದೇ ಕೆಲಸ, ಅದೂ ನನ್ನಿಂದ ಹಾಳಾಯಿತು. ನಾನು ಅಣ್ಣನ ಕುರ್ಚಿಯ ಪಕ್ಕ ನಿಂತಿದ್ದೆ. ಅಡುಗೆಮನೆಯಲ್ಲಿ ಅಕ್ಕ ಕಾಫಿ ಬೆರೆಸುತ್ತಿದ್ದಳು.

"ದೊಡ್ಡೋಳಿಗೆ ಸೈನ್ಸ್ ಕೊಡ್ಸಿ ಸಾರ್, ಮಾರ್ಕ್ಸ್ ಚೆನ್ನಾಗಿದೆ" ಎಂದರು ನರಹರಿ ಮೇಷ್ಟ್ರು.

"ಅದು ಉರು ಹೊಡೆದಿರೋ ಮಾರ್ಕ್ಸು. ಸೈನ್ಸಿಗೆ ಪ್ರಶ್ನೆ ಕೇಳೋ ತಲೆ ಬೇಕು. ಇವಳು, ನಮ್ಮ ಚಿಕ್ಕೋಳು, ಮೊನ್ನೆ ಊಟಕ್ಕೆ ಕೂತಾಗ ಏನು ಕೇಳಿದ್ಲು ಗೊತ್ತಾ? ಆಮ್ಲಜನಕ ಆಮ್ಲಕ್ಕೆ ಅಪ್ಪ ಅಂತೀರಲ್ಲ, ಬಚ್ಚಲು ಆಸಿಡ್ಡಿನಲ್ಲಿ ಆಮ್ಲಜನಕವೇ ಇಲ್ಲ, ಮತ್ತೆ ಅಪ್ಪ ಇಲ್ದೆ ಮಗು ಹೇಗೆ ಹುಟ್ಟಿತು ಅಂತ. ಹದಿಮೂರು ವರ್ಷಕ್ಕೆ."

ಅಣ್ಣ ಸುಳ್ಳು ಹೇಳಿದರೋ, ಹಾಗೇ ನೆನಪಿಟ್ಟುಕೊಂಡಿದ್ದರೋ, ನನಗೆ ಇವತ್ತಿಗೂ ಗೊತ್ತಿಲ್ಲ. ಒಳ್ಳೆಯ ಪ್ರಶ್ನೆ ಎಂದ ಮೇಲೆ ಅದು ಪಾದರಸದ ಬಾಯಿಂದಲೇ ಬಂದಿರಬೇಕೆಂದು ಅವರ ತಲೆಯೇ ತಿದ್ದಿಕೊಂಡಿರಬಹುದು. ಮುಖದಲ್ಲಿ ನಿಜವಾದ ಹೆಮ್ಮೆ ಇತ್ತು. ಅಷ್ಟೊತ್ತಿಗೆ ಅಕ್ಕ ಕಾಫಿ ತಟ್ಟೆ ಹಿಡಿದು ಬಾಗಿಲಿಗೆ ಬಂದಿದ್ದಳು. ನರಹರಿ ಮೇಷ್ಟ್ರು ಕನ್ನಡಕ ಸರಿಮಾಡಿಕೊಂಡು ನನ್ನನ್ನು ನೋಡಿದರು.

"ಹೌದೇನಮ್ಮಾ? ನೀನೇ ಕೇಳಿದ್ದಾ?"

ಅಕ್ಕ ನನ್ನನ್ನೇ ನೋಡುತ್ತಿದ್ದಳು. ಬೇಡಿಕೊಳ್ಳುವ ನೋಟವಲ್ಲ. ನಾನು ಏನು ಹೇಳುತ್ತೇನೆಂದು ಅವಳಿಗೆ ನಿಜಕ್ಕೂ ಗೊತ್ತಿರಲಿಲ್ಲ. ನನ್ನ ಮೇಲೆ ಅಷ್ಟು ನಂಬಿಕೆ ಆಗಲೂ ಉಳಿದಿತ್ತು. "ಅಲ್ಲ, ಅಕ್ಕ ಕೇಳಿದ್ದು" ಎಂದರೆ ಸಾಕಿತ್ತು. ಮೂರು ಶಬ್ದ.

"ಹೂಂ" ಎಂದೆ.

"ಭೇಷ್. ಹಾಗಾದ್ರೆ ಇವಳನ್ನ ಸೈನ್ಸಿಗೆ ನಮ್ಮಲ್ಲಿಗೇ ಕಳ್ಸಿ. ದೊಡ್ಡೋಳಿಗೆ ಕಾಮರ್ಸ್ ಆದೀತು" ಎಂದು ಅವರು ಲೋಟ ಎತ್ತಿಕೊಂಡರು. ಅಕ್ಕ ಒಂದು ಹನಿಯನ್ನೂ ತುಳುಕಿಸದೆ ಎಲ್ಲರಿಗೂ ಕಾಫಿ ಕೊಟ್ಟಳು, ನನಗೂ. ಅವತ್ತು ಸಂಜೆ ಮಣೆ ಹಾಕುವಾಗ ಅವಳೇ ಬೆಳ್ಳಿ ತಟ್ಟೆಯನ್ನು ನನ್ನ ಮುಂದಿಟ್ಟು, ಹಿತ್ತಿಲಿಗೆ ಹೋಗಿ ಮಾಮೂಲ್‌ಪೇಟೆಯ ತಟ್ಟೆ ತಂದುಕೊಂಡು ಕೂತಳು.

"ಇನ್ನೂ ಪ್ರಶ್ನೆನೇ ಕೇಳಿಲ್ಲವಲ್ಲೇ ಜಡಾ" ಎಂದರು ಅಣ್ಣ.

"ಉತ್ತರ ಗೊತ್ತಾಯ್ತು ಅಣ್ಣ" ಎಂದಳು ಅಕ್ಕ.

ಮದುವೆಯಾಗಿ ಹೋಗುವವರೆಗೂ ಅವಳು ಅದೇ ತಟ್ಟೆಯಲ್ಲಿ ಉಂಡಳು. ಬೇಡವೆಂದು ಕೊನೆಕೊನೆಗೆ ಅಣ್ಣನೇ ಹೇಳಿದರೂ ಬಿಡಲಿಲ್ಲ. ಕಾಮರ್ಸ್ ಓದಿ, ಟೈಪಿಂಗ್ ಕಲಿತು, ಕಾಟನ್‌ಪೇಟೆಯ ಒಂದು ಕೆಮಿಕಲ್ ಅಂಗಡಿಯಲ್ಲಿ ಬಿಲ್ಲು ಬರೆಯುವ ಕೆಲಸಕ್ಕೆ ಸೇರಿದಳು. ಮದುವೆಯಾದ ಮೇಲೂ ಬಿಡಲಿಲ್ಲ. ಅಲ್ಲಿ ಗಂಧಕ, ಮೈಲುತುತ್ತ, ಸುಣ್ಣ ಮೂಟೆಗಟ್ಟಲೆ. ಅವಳ ಸೀರೆಗೆ ಯಾವಾಗಲೂ ಲ್ಯಾಬಿನ ವಾಸನೆ. ನಾನು ಎಂಎಸ್ಸಿ ಮಾಡಿ ಬಿಳಿ ಕೋಟು ಹಾಕಿಕೊಂಡೆ, ಅಣ್ಣನ ಹಾಗೆ ಮೇಷ್ಟ್ರಾದೆ. ಒಂದು ಸಲ, ಬಾಯಿ ಬಿಟ್ಟು ಕ್ಷಮೆ ಕೇಳಬೇಕೆಂದೇ ಅವಳ ಅಂಗಡಿಗೆ ಹೋಗಿದ್ದೆ. "ಅಕ್ಕ, ಆವತ್ತು ನರಹರಿ ಮೇಷ್ಟ್ರು ಬಂದಿದ್ರಲ್ಲ" ಎಂದು ಶುರು ಮಾಡಿದೆ. ಅವಳು ನನ್ನ ಹಿಂದೆ ನಿಂತಿದ್ದ ಗಿರಾಕಿಯ ಕಡೆ ಕತ್ತೆತ್ತಿ, "ಗಂಧಕ ಎಷ್ಟು ಕೆಜಿ ಅಂದ್ರಿ?" ಎಂದು ಕೇಳಿದಳು. ನಾನು ವಾಪಸ್ಸು ಬಂದೆ.

ಬರೆಯಲು ಕೈ ಬಾರದ ಸಂಗತಿ ಇದಲ್ಲ, ಮುಂದಿನದು. ಆಮ್ಲಗಳ ಪಾಠಕ್ಕೆ ಬಂದಾಗ ನಾನು ಪ್ರತಿ ವರ್ಷ ಕ್ಲಾಸಿನಲ್ಲಿ ಆ ಪ್ರಶ್ನೆಯ ಕಥೆ ಹೇಳುತ್ತಿದ್ದೆ. ಮಕ್ಕಳಿಗೆ ಬಹಳ ಇಷ್ಟವಾಗುತ್ತಿತ್ತು. ಮೊದಮೊದಲು "ಒಂದು ಮನೆಯಲ್ಲಿ ಒಬ್ಬ ಹುಡುಗಿ" ಎಂದು ಶುರು ಮಾಡುತ್ತಿದ್ದೆ. ಆ ಹುಡುಗಿ ನೀವೇನಾ ಮಿಸ್ ಎಂದು ಯಾರೋ ಕೇಳಿದರು, ನಾನು ಮುಗುಳ್ನಕ್ಕೆ. ಕೆಲವು ವರ್ಷಗಳಲ್ಲಿ ಆ ಹುಡುಗಿಗೆ ಹದಿಮೂರು ವರ್ಷವಾಯಿತು, ಅವಳ ಮುಂದೆ ಬೆಳ್ಳಿ ತಟ್ಟೆ ಬಂತು. ಅಕ್ಕನ ಮಗಳು ನಿಧಿ ನಮ್ಮ ಕಾಲೇಜಿಗೇ ಸೈನ್ಸಿಗೆ ಸೇರಿದ ವರ್ಷವೂ ಅದೇ ಬಾಯಿಯಲ್ಲಿ ಅದೇ ಕಥೆ ಬಂತು. ಅವಳು ಎರಡನೇ ಬೆಂಚಿನಲ್ಲಿ ಕೂತಿದ್ದಾಳೆಂದು ನೆನಪಾದಾಗ ಕಥೆ ಅರ್ಧ ದಾಟಿತ್ತು. ನಿಲ್ಲಿಸಬಹುದಿತ್ತು. ನಿಲ್ಲಿಸಲಿಲ್ಲ. ಮಾರನೇ ದಿನ ಅವಳು ಸ್ಟಾಫ್ ರೂಮಿನ ಹೊರಗೆ ನನಗಾಗಿ ಕಾಯುತ್ತಿದ್ದಳು, ಮುಖ ತುಂಬ ನಗು.

"ಚಿಕ್ಕಮ್ಮ, ನಿನ್ನೆ ಕ್ಲಾಸಲ್ಲಿ ಹೇಳಿದ್ರಲ್ಲ, ಅದನ್ನ ಮನೇಲಿ ಅಮ್ಮಂಗೆ ಹೇಳ್ದೆ. ಆಮ್ಲಜನಕದ ಪ್ರಶ್ನೆ ಚಿಕ್ಕಮ್ಮ ಅಷ್ಟು ಚಿಕ್ಕ ವಯಸ್ಸಲ್ಲೇ ಕೇಳಿದ್ರಂತೆ, ಹೌದಾ ಅಂತ."

ಅಕ್ಕ ಏನಂದಳು ಎಂದು ನಾನು ಕೇಳಲಿಲ್ಲ. ಅವಳೇ ಹೇಳಿದಳು.

"ಬಟ್ಟೆ ಮಡಿಸ್ತಾ ಇದ್ರು. ಎದ್ದು ಒಂದು ಗುಟುಕು ನೀರು ಕುಡಿದ್ರು. ಗೊತ್ತಲ್ಲ, ಅಮ್ಮ ಏನು ಕೇಳಿದ್ರೂ ಲೇಟು. ಆಮೇಲೆ ‘ಹೂಂ’ ಅಂದ್ರು."